ಚಕ್ರಪಾಣಿಯವರ ವೆಬ್‌ಸೈಟಿಗೊಂದು ಬಾಡಿಗೆ ಮನೆ

ನಮ್ಮ ಓನರ್ ಚಕ್ರಪಾಣಿಯವರ ಪ್ರಕಾರ ಜಗತ್ತಿನಲ್ಲಿ ಇರೋದು ಎರಡೇ ಜಾತಿ. ಓನರು, ಬಾಡಿಗೆಯವರು. ಮಿಕ್ಕ ಜಾತಿಗಳನ್ನೆಲ್ಲ ಅವರು ಬಾಡಿಗೆಯವರಲ್ಲಿ ಮಾತ್ರ ಹುಡುಕ್ತಾರೆ.

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಿಂದ ಎರಡು ತಿರುವು ಒಳಗೆ, ಮೂವತ್ತು ನಲವತ್ತರ ಸೈಟಿನಲ್ಲಿ ಆರು ಪೋರ್ಷನ್ ಎಬ್ಬಿಸಿ ಕೂತಿದ್ದಾರೆ. ಎರಡನೇ ಮಹಡಿಯ ರೂಮು-ಕಿಚನ್ನಿನಲ್ಲಿ ನಾನಿದೀನಿ. ಹೆಸರು ನೀಲಾಂಬಿಕಾ, ಊರು ಇಳಕಲ್ ಹತ್ತಿರ. ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಅಂಗಡಿಯವರಿಗೆ, ಕ್ಲಿನಿಕ್ಕಿನವರಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಈ ಊರಿಗೆ ಬಂದು ಎಂಟು ವರ್ಷ ಆಯ್ತು. ಮಾತು ಬೆಂಗಳೂರಿಂದಾಗಿದೆ, ಸಿಟ್ಟು ಮಾತ್ರ ಇನ್ನೂ ನಮ್ಮೂರಿಂದೇ.

ಈ ಮನೆ ನನಗೆ ಹೇಗೆ ಸಿಕ್ತು ಅಂತ ಹೇಳಿಬಿಡ್ತೀನಿ. ಚಕ್ರಪಾಣಿಯವರು ನನ್ನ ಹೆಸರು ಕೇಳಿದ್ರು, ಹಣೆ ನೋಡಿದ್ರು, "ಮೊಟ್ಟೆನೂ ಇಲ್ವಾ?" ಅಂದ್ರು. ನಾನು "ಇಲ್ಲ" ಅಂದೆ. ಅಷ್ಟಕ್ಕೇ ಬಾಗಿಲು ತೆಗೀತು. ನನಗಿಂತ ಮುಂಚೆ ಬಂದು ಹೋದ ಹುಡುಗಿ ನರ್ಸಂತೆ, ನನಗಿಂತ ಒಳ್ಳೇ ಸಂಬಳವಂತೆ. ಅವಳಿಗೆ ತೆಗೀಲಿಲ್ಲ. ಆವತ್ತು ನಾನೂ ಬಾಯಿ ಮುಚ್ಕೊಂಡು ಒಳಗೆ ಬಂದೆ, ಅದಕ್ಕೆ ಈಗಲೂ ನನಗೆ ನಾಚಿಕೆ ಇದೆ.

ಈ ವರ್ಷ ಅಮ್ಮನನ್ನ ಊರಿಂದ ಕರೆಸಿ ಬಲಗಾಲಿನ ಮಂಡಿ ಆಪರೇಷನ್ ಮಾಡಿಸಿದೆ. ಆಸ್ಪತ್ರೆಯಿಂದ ಕರೆತಂದ ದಿನ, ಎದುರು ಬಿಲ್ಡಿಂಗಿನ ಇಬ್ಬರು ಡೆಲಿವರಿ ಗಾಡಿ ಓಡಿಸೋರು ಪಾಪ, ಅಮ್ಮನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಹೊತ್ತು ತಂದ್ರು. ಮೇಲೆ ಬಂದವಳು ಮೇಲೇ ಉಳಿದಳು. ನಮ್ಮನೆಯಲ್ಲಿ ಮಂಚ ಇಟ್ಟ ಮೇಲೆ ಉಳಿಯೋ ಜಾಗ ನಾಲ್ಕು ಹೆಜ್ಜೆ. ಫಿಸಿಯೋಥೆರಪಿ ಮಾಡೋ ಶುಭಾ ಬಂದು ನೋಡಿ ತಲೆ ಕೊಡವಿದಳು. "ಅಕ್ಕಾ, ಸಮತಟ್ಟು ನೆಲದಲ್ಲಿ ಬೆಳಿಗ್ಗೆ ಸಂಜೆ ನಡೆಸ್ಬೇಕು. ಇನ್ನು ಆರು ವಾರದೊಳಗೆ ಮಂಡಿ ಬಗ್ಗದೇ ಹೋದ್ರೆ ಆಮೇಲೆ ಬಗ್ಗೋದೇ ಕಷ್ಟ, ಆಪರೇಷನ್ ಮಾಡಿಸಿದ್ದೂ ದಂಡ."

ಕೆಳಗೆ ಗೇಟಿನ ಪಕ್ಕ ಒಂದು ರೂಮು ಖಾಲಿ ಬಿದ್ದಿತ್ತು. ಬಾತ್‌ರೂಮು ಒಳಗೇ ಇದೆ, ಬಾಗಿಲು ತೆಗೆದರೆ ಪಾರ್ಕಿಂಗಿನ ಉದ್ದಕ್ಕೂ ಟೈಲ್ಸ್ ನೆಲ. ಅಮ್ಮ ನಡೆಯೋದಕ್ಕೆ ಹೇಳಿ ಮಾಡಿಸಿದ ಜಾಗ. ನಾನು ಹೋಗಿ ಕೇಳಿದೆ.

"ಆ ರೂಮು ಮೂರು ತಿಂಗಳ ಮಟ್ಟಿಗೆ ನನಗೇ ಕೊಡಿ ಸಾರ್, ಅಮ್ಮನಿಗೆ. ಬಾಡಿಗೆ ಕೊಡ್ತೀನಿ."

"ನಿಮ್ಮ ತಾಯಿ ಎಕ್ಸ್‌ಟ್ರಾ ಆಗಿದಾರಲ್ಲ ಮೇಡಂ" ಅಂದ್ರು ಚಕ್ರಪಾಣಿ. "ಅಗ್ರಿಮೆಂಟಲ್ಲಿ ಒಬ್ಬರೇ ಅಂತಿದೆ. ನಾನು ಕಣ್ಣು ಮುಚ್ಕೊಂಡಿದೀನಿ, ಅದೇ ದೊಡ್ಡದು."

ನಾನು ವಾಪಸ್ ಬರ್ತಿದ್ದೆ. ಅಷ್ಟರಲ್ಲಿ ಅವರಿಗೇನೋ ಹೊಳೀತು.

"ನೀವು ವೆಬ್‌ಸೈಟ್ ಮಾಡ್ತೀರಲ್ವಾ? ನನಗೊಂದು ಬೇಕು. ಈ ಬ್ರೋಕರ್ ವೆಂಕಟೇಶ್ ಕಂಡ ಕಂಡವರನ್ನೆಲ್ಲ ಕರ್ಕೊಂಡು ಬರ್ತಾನೆ. ಜನ ಬರೋಕೆ ಮುಂಚೇನೇ ನನ್ನ ಕಂಡೀಷನ್ ಎಲ್ಲ ಓದ್ಕೊಂಡು, ಫಾರ್ಮ್ ತುಂಬಿ ಕಳಿಸ್ಬೇಕು. ಮಾಡ್ಕೊಡಿ. ಆ ರೂಮಿನ ವಿಷಯ ಆಮೇಲೆ ನೋಡೋಣ."

"ನೋಡೋಣ ಅಂದ್ರೆ ಆಗಲ್ಲ ಸಾರ್. ಕೊಡ್ತೀನಿ ಅನ್ನಿ."

"ಆಯ್ತಮ್ಮ, ಕೊಡ್ತೀನಿ."

ಅವರ ಹೆಂಡತಿ ನರಸಮ್ಮನವರು ಅಲ್ಲೇ ಹೂ ಕಟ್ತಾ ಕೂತಿದ್ರು. ಸಾಕ್ಷಿ ಇದೆ ಅಂತ ನಾನು ನಿಶ್ಚಿಂತೆಯಾಗಿ ಮೇಲೆ ಹೋದೆ. ಎಂಟು ವರ್ಷ ಬೆಂಗಳೂರಿನಲ್ಲಿ ಬಾಡಿಗೆಗಿದ್ದೂ ಓನರ್ ಮಾತು ನಂಬಿದೆ ನೋಡಿ, ನನಗೆ ಮೆಟ್ಟಲ್ಲಿ ಹೊಡೀಬೇಕು.

ವೆಬ್‌ಸೈಟ್ ಮಾಡೋಕೆ ಮೂರು ಸಂಜೆ ಹಿಡೀತು. ಅದನ್ನ ಎಲ್ಲಿ ಇಡೋದು ಅನ್ನೋದಕ್ಕೆ ಮೂರು ವಾರ ಹಿಡೀತು.

ಮಾಡಿದ ವೆಬ್‌ಸೈಟ್ ಗಾಳಿಯಲ್ಲಿ ನೇತಾಡಲ್ಲ. ಹಗಲೂ ರಾತ್ರಿ ಉರಿಯೋ ಒಂದು ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಬೇಕು, ಆ ಜಾಗವನ್ನ ಹೋಸ್ಟಿಂಗ್ ಕಂಪನಿಯವರು ಬಾಡಿಗೆಗೆ ಕೊಡ್ತಾರೆ. ಇದನ್ನ ಮನೆ ಭಾಷೆಯಲ್ಲೇ ಹೇಳಿದರೆ ಇವರಿಗೆ ಬೇಗ ತಲೆಗೆ ಹೋಗುತ್ತೆ ಅಂದ್ಕೊಂಡೆ. ಅದೇ ನಾನು ಮಾಡಿದ ತಪ್ಪು.

"ಶೇರ್ಡ್ ಹೋಸ್ಟಿಂಗ್ ಅಂತ ಇದೆ ಸಾರ್. ವಠಾರ ಇದ್ದ ಹಾಗೆ. ಒಂದೇ ಮಷಿನ್ನಿನಲ್ಲಿ ನೂರಾರು ವೆಬ್‌ಸೈಟ್ ಇರ್ತವೆ. ಅಗ್ಗ. ದಿನಕ್ಕೆ ಹತ್ತು ಜನ ನೋಡೋ ನಿಮ್ಮ ಸೈಟಿಗೆ ಅದು ಬೇಕಾದಷ್ಟಾಯ್ತು."

"ವಠಾರ" ಅಂದ ಕೂಡಲೇ ಚಕ್ರಪಾಣಿಯವರ ಮುಖ ಹುಳಿ ತಿಂದ ಹಾಗಾಯ್ತು. "ಅದರಲ್ಲಿ ಇನ್ಯಾರ್ಯಾರು ಇದಾರೆ?"

"ಅದೆಲ್ಲ ಗೊತ್ತಾಗಲ್ಲ ಸಾರ್."

"ಅಂದ್ರೆ ಯಾರ ಪಕ್ಕ ಬೇಕಾದ್ರೂ ಹಾಕಿಬಿಡ್ತಾರಾ? ಮಟನ್ ಸ್ಟಾಲ್‌ನೋರ ವೆಬ್‌ಸೈಟ್ ಇರ್ಬಹುದಾ?"

"ಇರ್ಬಹುದು."

ನರಸಮ್ಮನವರು ಹೂವಿನಿಂದ ತಲೆ ಎತ್ತಿದ್ರು. "ವಾಸನೆ ಏನೂ ಬರಲ್ವೇನಮ್ಮ?"

ಅವರು ಗಂಡನನ್ನ ಆಡ್ಕೊಂಡ್ರೋ ನಿಜವಾಗ್ಲೂ ಕೇಳಿದ್ರೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಕ್ರಪಾಣಿಯವರು ಮಾತ್ರ ನನ್ನ ಉತ್ತರಕ್ಕೆ ಕಾದು ಕೂತಿದ್ರು. "ಬರಲ್ಲಮ್ಮ" ಅಂದೆ. ಆದ್ರೂ ಶೇರ್ಡ್ ಬೇಡ ಅಂದ್ರು.

ಎರಡು ದಿನ ಬಿಟ್ಟು ವಿಪಿಎಸ್ ಬಗ್ಗೆ ಹೇಳಿದೆ. ಒಂದು ದೊಡ್ಡ ಮಷಿನ್ನನ್ನ ಪಾಲು ಮಾಡಿ, ಪಾಲಿಗೊಂದು ಬಾಗಿಲು ಇಟ್ಟಿರ್ತಾರೆ, ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಇದ್ದ ಹಾಗೆ ಅಂದೆ. "ಅಪಾರ್ಟ್‌ಮೆಂಟಾ? ಅಸೋಸಿಯೇಷನ್ನು, ಮೀಟಿಂಗು, ಜಗಳ. ಬೇಡವೇ ಬೇಡ." ಕ್ಲೌಡ್ ಅಂದೆ. ಅದು ಎಲ್ಲಿರುತ್ತೆ ಅಂದ್ರು. ಅಲ್ಲೊಂದಿಷ್ಟು ಇಲ್ಲೊಂದಿಷ್ಟು, ಒಂದೇ ಕಡೆ ಅಂತ ಇರಲ್ಲ ಅಂದೆ. "ಅಡ್ರೆಸ್ ಇಲ್ದೋರಿಗೆ ನಾನು ಮನೆ ಕೊಡಲ್ಲ, ಇನ್ನು ಅಡ್ರೆಸ್ ಇಲ್ದೋನ ಮನೆಗೆ ನಾನು ಹೋಗ್ಲಾ?"

ಅಷ್ಟೊತ್ತಿಗೆ ಆರು ವಾರದಲ್ಲಿ ಎರಡು ವಾರ ಹೋಗಿತ್ತು. ಅಮ್ಮ ಮಂಚದ ಅಂಚಿನಲ್ಲಿ ಕೂತು ಕಾಲು ಎತ್ತಿ ಇಳಿಸಿ ಮಾಡ್ತಿದ್ದಳು, ಎಣಿಸ್ತಾ ಎಣಿಸ್ತಾ ತೂಕಡಿಸ್ತಿದ್ದಳು.

ಕೊನೆಗೆ, ನನ್ನ ಮಾತು ಬೇಡ, ಕಂಪನಿಯವನ ಬಾಯಿಂದಲೇ ಕೇಳಲಿ ಅಂತ ಒಂದು ಹೋಸ್ಟಿಂಗ್ ಕಂಪನಿಗೆ ಫೋನ್ ಹಾಕಿ ಸ್ಪೀಕರ್‌ನಲ್ಲಿಟ್ಟೆ. ಆ ಕಡೆ ಮಾತಾಡಿದವನು ಮಧುಕುಮಾರ್ ಅಂತ, ಬಹಳ ವಿನಯ.

"ಸಾರ್, ಮೊದಲಿಗೆ ನಿಮ್ಮ ಆಧಾರ್, ಪ್ಯಾನ್, ಅಡ್ರೆಸ್ ಪ್ರೂಫ್ ಬೇಕು."

"ನನ್ನದಾ?" ಅಂದ್ರು ಚಕ್ರಪಾಣಿ. ಜೀವಮಾನದಲ್ಲಿ ಆರು ಪೋರ್ಷನ್ನಿನವರ ಆಧಾರ್ ಇಸ್ಕೊಂಡು ಫೈಲ್ ಮಾಡಿದ ಮನುಷ್ಯ, ತಮ್ಮದನ್ನ ಯಾರಿಗೂ ಕೊಟ್ಟವರಲ್ಲ.

"ಹೌದು ಸಾರ್. ಒಂದು ವರ್ಷದ್ದು ಮುಂಚೇನೇ ಕಟ್ಟಬೇಕು. ಮಧ್ಯ ಬಿಟ್ಟರೆ ವಾಪಸ್ ಇಲ್ಲ. ಈ ಪ್ಲಾನಿನಲ್ಲಿ ತಿಂಗಳಿಗೆ ಇಂತಿಷ್ಟೇ ವಿಸಿಟರ್ಸ್ ಬರ್ಬಹುದು."

"ವಿಸಿಟರ್ಸಾ? ನನ್ನ ಸೈಟಿಗೆ ಯಾರು ಬರ್ತಾರೆ ಎಷ್ಟು ಜನ ಬರ್ತಾರೆ ಅಂತ ನೀವ್ಯಾರ್ರೀ ಲೆಕ್ಕ ಇಡೋಕೆ?"

"ಜಾಸ್ತಿ ಬಂದ್ರೆ ಪಕ್ಕದವರಿಗೆ ತೊಂದರೆ ಆಗುತ್ತಲ್ಲ ಸಾರ್. ಲಿಮಿಟ್ ದಾಟಿದ್ರೆ ಸಸ್ಪೆಂಡ್ ಮಾಡ್ತೀವಿ."

"ನೋಟೀಸ್ ಕೊಡದೆ?"

"ಕಂಡೀಷನ್ನಲ್ಲಿ ಬರ್ದಿದೆ ಸಾರ್, ನೀವು ಟಿಕ್ ಮಾಡಿರ್ತೀರಲ್ಲ."

ಚಕ್ರಪಾಣಿಯವರು ಎದ್ದು ನಿಂತುಬಿಟ್ರು. "ಇದೇನ್ರೀ ದಬ್ಬಾಳಿಕೆ! ದುಡ್ಡು ಕೊಟ್ಟು ಇರೋರಿಗೆ ಮರ್ಯಾದೆ ಬೇಡ್ವಾ?"

ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಆ ಮಧುಕುಮಾರನ ಮನೆಗೆ ಒಂದು ಡಬ್ಬಿ ಕರದಂಟು ಕಳಿಸೋಣ ಅನ್ನಿಸ್ತು. ಈಗಲಾದ್ರೂ ಇವರಿಗೆ ನಮ್ಮ ಕಷ್ಟ ಗೊತ್ತಾಗ್ಬಹುದು ಅಂತ ಅವರ ಮುಖ ನೋಡಿದೆ. ಎಲ್ಲಿ? ಅವರ ತಲೆಯಲ್ಲಿ ಓಡ್ತಿದ್ದದ್ದೇ ಬೇರೆ.

"ಅದಕ್ಕೇ ಹಿರಿಯರು ಹೇಳೋದು, ಚಿಕ್ಕದಾದ್ರೂ ಸ್ವಂತ ಮನೆ ಇರ್ಬೇಕು ಅಂತ" ಅಂದ್ರು. "ಒಂದು ಮಷಿನ್ ಪೂರ್ತಿ ನನ್ನದೇ ಅಂತ ಸಿಗಲ್ವಾ?"

"ಡೆಡಿಕೇಟೆಡ್ ಅಂತ ಸಿಗುತ್ತೆ ಸಾರ್. ಅದೂ ಬಾಡಿಗೇನೇ, ಇಡೀ ಮನೆ ಬಾಡಿಗೆಗೆ ತಗೊಂಡ ಹಾಗೆ. ನಿಮ್ಮ ಸೈಟಿಗೆ ಅದು ಶುದ್ಧ ದಂಡ" ಅಂದೆ ನಾನು.

"ಬಾಡಿಗೇನಾ! ನಾನು, ಆರು ಪೋರ್ಷನ್ ಓನರ್ರು, ಈ ವಯಸ್ಸಲ್ಲಿ ಬಾಡಿಗೆಗೆ ಹೋಗ್ಲಾ?"

ಆಗ ನನ್ನ ಹಾಳು ಬಾಯಿ ಸುಮ್ಮನಿರ್ಬಾರ್ದಾ? ನಮ್ಮೂರಿನ ಸಿಟ್ಟು ನೆತ್ತಿಗೇರಿ ಅಂದೇ ಬಿಟ್ಟೆ: "ಹಾಗಾದ್ರೆ ಸ್ವಂತಕ್ಕೊಂದು ಮಷಿನ್ ತಂದು ನಿಮ್ಮನೇಲೇ ಇಟ್ಕೊಳಿ ಸಾರ್!"

ನಾನು ಹೇಳಿದ್ದು ವ್ಯಂಗ್ಯಕ್ಕೆ. ಅವರು ಹಿಡಿದದ್ದು ಸಲಹೆ ಅಂತ. ಮಾರನೇ ದಿನವೇ ಹಳೇ ಕಂಪ್ಯೂಟರ್ ಮಾರೋ ಎಸ್.ಪಿ. ರೋಡಿಗೆ ಹೋಗಿ ಒಂದು ಹಳೇ ಸರ್ವರ್ ಮಷಿನ್ ಆಟೋದಲ್ಲಿ ಹಾಕ್ಕೊಂಡು ಬಂದ್ರು. ಸಂಜೆ ನಾನು ಕೆಲಸದಿಂದ ಬಂದಾಗ ಗೇಟಿನ ಪಕ್ಕದ ರೂಮಿನಲ್ಲಿ ಲೈಟು ಉರೀತಿತ್ತು. ನೆಲ ಒರೆಸಿ, ಹೊಸ ಟೇಬಲ್ ಹಾಕಿ, ಪೂರ್ವಕ್ಕೆ ಮುಖ ಮಾಡಿ ಮಷಿನ್ ಕೂರಿಸಿದ್ರು. ನೆತ್ತಿಗೆ ಅರಿಶಿನ ಕುಂಕುಮ. ಬಿಸಿ ಆಗ್ಬಾರ್ದು ಅಂತ ಅದರ ಎದುರು ಟೇಬಲ್ ಫ್ಯಾನು.

"ಸಾರ್, ಈ ರೂಮು ಅಮ್ಮನಿಗೆ ಕೊಡ್ತೀನಿ ಅಂದಿದ್ರಿ."

"ಮಷಿನ್ ಎಲ್ಲಿ ಇಡೋದು ಮತ್ತೆ? ಮೆಟ್ಟಿಲ ಕೆಳಗೆ ಇಟ್ರೆ ಧೂಳು, ಮೇಲೆ ಇಟ್ರೆ ಬಿಸಿಲು. ನೀವೇ ತಾನೆ ಹೇಳಿದ್ದು ಸ್ವಂತ ಮಷಿನ್ ಅಂತ? ನಿಮ್ಮ ತಾಯಿಗೇನು, ಮೇಲೆ ಜಾಗ ಇದೆಯಲ್ಲ."

ಒಂದು ಕಬ್ಬಿಣದ ಡಬ್ಬಾ ಫ್ಯಾನಿನ ಗಾಳಿ ತಗೋತಾ ಆರಾಮಾಗಿ ಕೂತಿತ್ತು. ಅದಕ್ಕೆ ಯಾವ ಊರು ಅಂತ ಯಾರೂ ಕೇಳಿರ್ಲಿಲ್ಲ, ಮೊಟ್ಟೆ ತಿಂತೀಯಾ ಅಂತ ಕೇಳಿರ್ಲಿಲ್ಲ. ನನಗೆ ಅಲ್ಲೇ ಕೂಗಾಡಿಬಿಡ್ಬೇಕು ಅನ್ನಿಸ್ತು. ಕೂಗಾಡಿದ್ರೆ ಮೇಲಿನ ನಾಲ್ಕು ಹೆಜ್ಜೆ ಜಾಗವೂ ಹೋಗುತ್ತೆ. ತುಟಿ ಕಚ್ಕೊಂಡು ಮೇಲೆ ಹೋಗಿ, ಅಡುಗೆಮನೆ ಬಾಗಿಲು ಹಾಕ್ಕೊಂಡು ಅತ್ತೆ. ನನ್ನ ಕೈಯಾರೆ ನಾನೇ ಅಮ್ಮನ ರೂಮು ಕಳೆದಿದ್ದೆ.

ಆದ್ರೂ ವೆಬ್‌ಸೈಟ್ ಶುರು ಮಾಡಿಕೊಟ್ಟೆ. ಬೇರೆ ದಾರಿ ಏನಿತ್ತು? ಫಾರ್ಮಿನ ಪ್ರಶ್ನೆಗಳನ್ನ ಚಕ್ರಪಾಣಿಯವರೇ ಹೇಳಿ ಬರೆಸಿದ್ರು, ಒಟ್ಟು ಇಪ್ಪತ್ತೆರಡು. ಮನೆಯಲ್ಲಿ ಎಷ್ಟು ಜನ, ಏನು ತಿಂತೀರಿ, ದಿನಕ್ಕೆ ಎಷ್ಟು ಬಕೆಟ್ ನೀರು, ನೆಂಟರು ಬರ್ತಾರಾ, ಬಂದ್ರೆ ಯಾಕೆ, ರಾತ್ರಿ ಎಷ್ಟು ಗಂಟೆಗೆ ಮಲಗ್ತೀರಿ, ಗೋಡೆಗೆ ಮೊಳೆ ಹೊಡೀತೀರಾ. ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ.

ಸ್ವಂತ ಮನೆಯಲ್ಲಿದ್ದ ವೆಬ್‌ಸೈಟಿನ ವೈಭವ ಹೇಳ್ತೀನಿ ಕೇಳಿ. ಕರೆಂಟ್ ಹೋದ್ರೆ ವೆಬ್‌ಸೈಟ್ ಹೋಯ್ತು. ಸಂಪಿನ ಮೋಟರ್ ಹಾಕಿದ್ರೆ ಫ್ಯೂಸ್ ಹೋಗಿ ವೆಬ್‌ಸೈಟ್ ಹೋಯ್ತು. ನರಸಮ್ಮನವರು ದೇವಸ್ಥಾನಕ್ಕೆ ಹೊರಟ್ರೆ, ಯಾರೂ ಇಲ್ಲದ ರೂಮಿನಲ್ಲಿ ಫ್ಯಾನ್ ಯಾಕೆ ಅಂತ ಮೇನ್ ಸ್ವಿಚ್ಚೇ ಆರಿಸಿ ಹೋಗ್ತಿದ್ರು. ಅವರ ಹರಕೆ ಮುಗಿಯೋವರೆಗೂ ಜಗತ್ತಿಗೆ ಚಕ್ರಪಾಣಿಯವರ ಮನೆ ಕಾಣಿಸ್ತಿರ್ಲಿಲ್ಲ. ಕಂಡಾಗ ಬಂದ ಅರ್ಜಿಗಳೂ ಅಷ್ಟಕ್ಕಷ್ಟೇ. ಒಬ್ಬ ಇಪ್ಪತ್ತೆರಡು ಪ್ರಶ್ನೆಗೂ "ಯಾಕೆ ಗುರು?" ಅಂತಲೇ ಬರೆದಿದ್ದ. ಇನ್ನೊಂದು ಬ್ರೋಕರ್ ವೆಂಕಟೇಶನದೇ, ಕಮಿಷನ್ ಕಡಿಮೆ ಮಾಡ್ತೀನಿ ಬನ್ನಿ ಅಂತ.

"ಒಂದಾದ್ರೂ ಒಳ್ಳೇ ಪಾರ್ಟಿ ಬರ್ಲಿಲ್ವಲ್ಲ ಮೇಡಂ" ಅಂತ ಚಕ್ರಪಾಣಿಯವರು ದಿನಾ ಸಂಜೆ ನನ್ನನ್ನ ಗೇಟಿನಲ್ಲೇ ಹಿಡೀತಿದ್ರು.

ಒಳ್ಳೇ ಪಾರ್ಟಿ ಅಂದ್ರೆ ಇವರಿಗೆ ಎಂಥದ್ದು ಬೇಕು? ಒಂದು ಶನಿವಾರ ಸಂಜೆ ಆ ಫಾರ್ಮನ್ನ ಫೋನಿನಲ್ಲಿ ತೆಗೆದು, ಅಮ್ಮನ ಪಕ್ಕ ಕೂತು ತುಂಬ್ತಾ ಹೋದೆ. ಒಂದೂ ಸುಳ್ಳು ಬರೀಲಿಲ್ಲ.

ಹೆಸರು: ಭಾಗವ್ವ. ಎಷ್ಟು ಜನ: ಒಬ್ಬರೇ. ಊಟ: ಸಸ್ಯಾಹಾರ, ಒಂದು ರೊಟ್ಟಿ, ಸ್ವಲ್ಪ ಪಲ್ಯ. ನೀರು: ಒಂದು ಬಕೆಟ್. ಗಾಡಿ ಇಲ್ಲ, ಟಿವಿ ಇಲ್ಲ, ಮೊಳೆ ಹೊಡೆಯಲ್ಲ. ರಾತ್ರಿ ಎಂಟಕ್ಕೆ ಮಲಗ್ತಾರೆ. ಹೊರಗೆ ಓಡಾಟ ಇಲ್ಲ. ನೆಂಟರು: ಈ ಊರಿನಲ್ಲಿ ಯಾರೂ ಇಲ್ಲ. ಯಾವ ಮಹಡಿ: ನೆಲಮಹಡಿ ಮಾತ್ರ.

ಅಷ್ಟು ಬರೆದು ನನ್ನ ಕೈ ನಿಂತುಹೋಯ್ತು. ಊರಲ್ಲಿ ನಮ್ಮಮ್ಮನ ಕಟ್ಟೆ ಖಾಲಿ ಇದ್ದ ದಿನವೇ ನನಗೆ ನೆನಪಿಲ್ಲ. ಬಂದವರಿಗೆಲ್ಲ ಚಹಾ, ಹೋದವರಿಗೆಲ್ಲ ಬುತ್ತಿ, ಅವಳ ನಗು ಬಸ್‌ಸ್ಟ್ಯಾಂಡಿಗೆ ಕೇಳ್ತಿತ್ತು. ಆ ಹೆಂಗಸಿನಿಂದ ಒಂದೊಂದೇ ಕಿತ್ತು ಹಾಕಿ, ಕೊನೆಗೆ ಉಳಿದದ್ದನ್ನ ನಾನಿಲ್ಲಿ ಬರೆದಿದ್ದೆ. ಇದ್ದೂ ಇಲ್ಲದ ಹಾಗೆ ಇರೋರೇ ಇವರಿಗೆ ಒಳ್ಳೇ ಬಾಡಿಗೆಯವರು. ಅಮ್ಮನದೇ ಫೋನ್ ನಂಬರ್ ಹಾಕಿ ಕಳಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಅಮ್ಮನ ಫೋನು ಹೊಡ್ಕೊಂತು. ಚಕ್ರಪಾಣಿಯವರು ಕೆಳಗೆ ಕೂತು ಮಾತಾಡ್ತಿದ್ದದ್ದು ಮೆಟ್ಟಿಲ ಕಡೆಯಿಂದಲೂ ಕೇಳ್ತಿತ್ತು, ಫೋನಿನಲ್ಲೂ ಕೇಳ್ತಿತ್ತು. ಹಿಂದಿನ ರಾತ್ರಿಯೇ ಅಮ್ಮನಿಗೆ, ರೂಮಿನ ಬಗ್ಗೆ ಒಬ್ಬರು ಕೇಳ್ತಾರೆ, ಇದ್ದದ್ದು ಇದ್ದ ಹಾಗೆ ಹೇಳು ಅಂದಿದ್ದೆ.

"ತಮ್ಮ ಹೆಸರೇನಮ್ಮ?"

"ಭಾಗವ್ವರೀ. ಭಾಗವ್ವ ಈರಪ್ಪ."

"ಒಬ್ಬರೇ ಇರ್ತೀರಾ?"

"ಹೌದ್ರೀ, ಯಜಮಾನ್ರು ಹೋಗಿ ಆರು ವರ್ಷ ಆತು. ಮಗಳೊಬ್ಬಾಕಿ ಅದಾಳ, ಆಕಿ ಹಗಲೆಲ್ಲ ಕೆಲಸಕ್ಕ ಹೋಗ್ತಾಳ್ರೀ."

"ಅಡುಗೆ, ಗಲಾಟೆ, ಜನ ಬರೋದು ಹೋಗೋದು?"

"ನಿಂದ್ರಾಕ ಆಗೂದಿಲ್ರೀ, ಅಡಗಿ ಎಲ್ಲಿಂದ ಮಾಡ್ಲಿ. ಈ ಊರಾಗ ನನ್ನ ನೋಡಾಕ ಯಾರ ಬರ್ತಾರ್ರೀ?"

ಹತ್ತು ನಿಮಿಷದಲ್ಲಿ ನಮ್ಮ ಬಾಗಿಲು ಬಡಿದ ಸದ್ದು. ನಾನು ಹೊರಗೆ ಬಂದು ಬಾಗಿಲು ಎಳ್ಕೊಂಡೆ. ಚಕ್ರಪಾಣಿಯವರ ಮುಖ ಅರಳಿತ್ತು.

"ಮೇಡಂ, ಚಿನ್ನದಂಥ ಪಾರ್ಟಿ ಸಿಕ್ತು! ವಯಸ್ಸಾದ ಹೆಂಗಸು, ಒಂದು ಬಕೆಟ್ ನೀರು, ನೆಂಟರಿಲ್ಲ ಇಷ್ಟರಿಲ್ಲ. ಮಾತು ನಿಮ್ಮ ಕಡೆಯವರ ಥರಾನೇ ಇದೆ. ಇಂಥವರು ಲಕ್ಷಕ್ಕೊಬ್ಬರು ಸಿಗೋದು. ಆದ್ರೆ ಕೆಳಗಡೇನೇ ಬೇಕಂತೆ."

"ಕೆಳಗಿನ ರೂಮಲ್ಲಿ ಮಷಿನ್ ಇದೆಯಲ್ಲ ಸಾರ್."

"ಅದೇನು ಬಾಡಿಗೆ ಕೊಡುತ್ತಾ? ಹೋಗ್ಲಿ, ವೆಬ್‌ಸೈಟನ್ನ ಆ ವಠಾರಕ್ಕೇ ಹಾಕಿಬಿಡಿ."

"ಪಕ್ಕದಲ್ಲಿ ಮಟನ್ ಸ್ಟಾಲ್‌ನೋರು ಇದ್ರೆ?"

"ಇರ್ಲಿ ಬಿಡಿ, ನಾವೇನು ಅಲ್ಲಿ ಊಟಕ್ಕೆ ಕೂರ್ತೀವಾ?"

ಸೈಟನ್ನ ಶೇರ್ಡ್ ಹೋಸ್ಟಿಂಗಿಗೆ ಸಾಗಿಸೋಕೆ ನನಗೆ ಹಿಡಿದದ್ದು ನಲವತ್ತು ನಿಮಿಷ. ಮೂರು ವಾರದ ಹಿಂದೆ ನಾನು ಬಾಯಿ ಬಿಟ್ಟು ಹೇಳಿದ್ದೂ ಇದನ್ನೇ. ಮಷಿನ್ನನ್ನ ಚಕ್ರಪಾಣಿಯವರೇ ಎತ್ತಿ ಮೆಟ್ಟಿಲ ಕೆಳಗೆ ತುರುಕಿದ್ರು. ಅಡ್ವಾನ್ಸನ್ನ ನಾನು ಅಮ್ಮನ ಹೆಸರಿನ ಖಾತೆಯಿಂದ ಕಳಿಸಿದೆ. ಭಾಗವ್ವ ಈರಪ್ಪ ಅಂತಲೇ ಹೆಸರು ಹೋಯ್ತು. ನಮ್ಮನೆಯ "ಎಕ್ಸ್‌ಟ್ರಾ" ಹೆಸರು ಅದು ಅಂತ ಅವರಿಗೆ ಹೊಳೀಲೇ ಇಲ್ಲ. ಹೊಳೆಯೋಕೆ ಅವರು ಯಾವತ್ತಾದ್ರೂ ಕೇಳಿದ್ರೆ ತಾನೆ?

ಬುಧವಾರ ಬೆಳಿಗ್ಗೆ ಚಕ್ರಪಾಣಿಯವರು ಇಸ್ತ್ರಿ ಶರ್ಟ್ ಹಾಕ್ಕೊಂಡು, ಬೀಗದ ಕೈ ಹಿಡ್ಕೊಂಡು ಗೇಟಿನ ಕಡೆ ಮುಖ ಮಾಡಿ ನಿಂತಿದ್ರು. ನಾನೂ ಶುಭಾನೂ ಅಮ್ಮನನ್ನ ಇಳಿಸೋಕೆ ಶುರು ಮಾಡಿದ್ವಿ. ಅಮ್ಮ ಒಂದೊಂದು ಮೆಟ್ಟಿಲ ಮೇಲೂ ಕೂತು, ಆಪರೇಷನ್ ಆದ ಕಾಲನ್ನ ಮುಂದೆ ಚಾಚಿ, ಕೈಯೂರಿ ಕೆಳಗಿನ ಮೆಟ್ಟಿಲಿಗೆ ಜಾರ್ತಿದ್ದಳು. ಮೂವತ್ತೆಂಟು ಮೆಟ್ಟಿಲು. ಅರ್ಧ ಗಂಟೆ ಹಿಡೀತು. ಸೀರೆಯೆಲ್ಲ ಬೆವರು.

"ದಾರಿ ಬಿಡಿ ಮೇಡಂ, ಪಾರ್ಟಿ ಬರೋ ಹೊತ್ತಾಯ್ತು" ಅಂದ್ರು ಚಕ್ರಪಾಣಿ.

"ಬಂದಿದಾರೆ ಸಾರ್."

ಅವರು ಗೇಟು ನೋಡಿದ್ರು, ನನ್ನ ನೋಡಿದ್ರು, ಕೊನೇ ಮೆಟ್ಟಿಲ ಮೇಲೆ ಏದುಸಿರು ಬಿಡ್ತಾ ಕೂತಿದ್ದ ಅಮ್ಮನನ್ನ ನೋಡಿದ್ರು. "ಇದು ಮೋಸ!" ಅಂತ ಶುರು ಮಾಡಿದ್ರು. "ಇದು..."

ಅಮ್ಮ ಆ ದನಿ ಕೇಳಿ ತಲೆ ಎತ್ತಿದಳು. ಕಣ್ಣು ಅರಳಿಸಿ ಕೈ ಮುಗಿದಳು.

"ನೀವ ಏನ್ರೀ ಫೋನಿನ್ಯಾಗ ಮಾತಾಡಿದವ್ರು? ಭಾಳ ಛಲೋ ಆತ್ರೀ ಯಪ್ಪಾ. ಈ ಊರಿಗೆ ಬಂದು ಇಷ್ಟು ದಿನಾ ಆತು, ನನ್ನ ಹೆಸರು ಕೇಳಿದವ್ರು, ಅಡಗಿ ಮಾಡ್ಕೋತಿಯೇನು, ನಿನ್ನ ನೋಡಾಕ ಯಾರರ ಬರ್ತಾರೇನು ಅಂತ ಇಚಾರ ಮಾಡಿದವ್ರು ನೀವೊಬ್ರ ನೋಡ್ರಿ."

ನರಸಮ್ಮನವರು ಒಳಗಿಂದ ಬಂದು ಗಂಡನ ಮುಖ ಒಂದು ಸಲ ನೋಡಿದ್ರು. ನಾನು ಈ ಗಳಿಗೆಗೆ ಅಂತಲೇ ಎಷ್ಟೋ ಮಾತು ಜೋಡಿಸಿ ಇಟ್ಕೊಂಡಿದ್ದೆ, ಒಂದೊಂದೂ ಮೆಣಸಿನಕಾಯಿ. ಅಮ್ಮನ ಮುಗಿದ ಕೈ ನೋಡಿ ಒಂದೂ ಬಾಯಿಗೆ ಬರ್ಲಿಲ್ಲ. ಕೈ ಚಾಚಿದೆ. ಚಕ್ರಪಾಣಿಯವರು ನೆಲ ನೋಡ್ತಾನೇ ಬೀಗದ ಕೈ ಕೊಟ್ರು.